ಅರದ ಕೋಣೆ

ಅರದಣ್ಣನ ಕೋಣೆಗೆ ನುಗ್ಗಿದ ತಮ್ಮನ ಅಂಗಿಯ ತೋಳು ಮೊಣಕೈವರೆಗೆ ರಕ್ತದಲ್ಲಿ ತೊಯ್ದಿತ್ತು.

“ಅಣ್ಣಾ, ಮೇಸ್ತ್ರಿ ಮಗನಿಗೆ ಕೊಡಲಿ ಬೀಸಿಬಿಟ್ಟೆ. ಭುಜಕ್ಕೆ. ನನ್ನ ಕುಂಟುಗಾಲನ್ನ ಎಲ್ಲರೆದುರು ಆಡ್ಕೊಂಡ.”

“ಜೀವ ಇದೆಯೇನೋ?”

“ಕಿರುಚ್ತಿದ್ದ.”

ಸಾಮಿಲ್ಲಿನ ಹಿಂಬದಿಯ ಆ ಕೋಣೆಯಲ್ಲಿ ಗರಗಸದ ಹಲ್ಲುಗಳನ್ನು ಅರದಿಂದ ಉಜ್ಜಿ ಹರಿತ ಮಾಡುವುದು ಇಪ್ಪತ್ತು ವರ್ಷಗಳಿಂದ ಅರದಣ್ಣನ ಕೆಲಸ. ಉಜ್ಜುವ ಸದ್ದು ಕೇಳುತ್ತಿದ್ದರೆ ಮಾಲೀಕನೂ ಬಾಗಿಲು ತಟ್ಟುತ್ತಿರಲಿಲ್ಲ. ಬೆಚ್ಚಿದರೆ ಬೆರಳೇ ಹೋದೀತು. ರಜೆಯ ದಿನವೂ ಅಲ್ಲಿಯೇ ಕೂರುತ್ತಾನೆಂದು ಇಂಗ್ಲಿಷ್ ಟೀಚರಾದ ಹೆಂಡತಿ ಛೇಡಿಸುತ್ತಿದ್ದಳು.

“ಅದು ನಿಮ್ಮ ಹೈಡ್‌ಅವೇ ಕಣ್ರೀ. ಮನಸ್ಸು ಬಂದಾಗ ಹೋಗಿ ತಣ್ಣಗೆ ಕೂರೋ ಜಾಗ. ಹೈಡ್‌ಔಟ್ ಅಂದ್ರೆ ಬೇರೆ. ಅಲ್ಲಿಗೆ ಹೋಗೋನ ಬೆನ್ನಿಗೆ ಯಾರಾದ್ರೂ ಬಿದ್ದಿರಬೇಕು.”

“ನೀನು ಬಿದ್ದಿದೀಯಲ್ಲ, ಸಾಲದಾ?” ಎನ್ನುತ್ತಿದ್ದ ಅವನು.

ಈಗ ಅದೇ ಬಾಗಿಲಿಗೆ ಅರದಣ್ಣ ಚಿಲಕ ಹಾಕಿದ. ತಮ್ಮನನ್ನು ಮೇಜಿನ ಕೆಳಗೆ ದಬ್ಬಿ, ಮಾಲೀಕನಿಗೆ ಫೋನ್ ಮಾಡಿ, “ಪೊಲೀಸರನ್ನ ಕರೆಸಿ ಸ್ವಾಮಿ, ಬೇಗ,” ಎಂದವನೇ ಅರ ಎತ್ತಿಕೊಂಡು ಉಜ್ಜತೊಡಗಿದ.

ಹೊರಗೆ ಮಿಲ್ಲಿನ ಏಳೆಂಟು ಜನ ಓಡಿಬಂದು, ಉಜ್ಜುವ ಸದ್ದು ಕೇಳಿ ಗಕ್ಕನೆ ನಿಂತರು. ಅಭ್ಯಾಸಬಲದಿಂದ ಯಾರೂ ಬಾಗಿಲು ಮುಟ್ಟಲಿಲ್ಲ. ತುಸು ಹೊತ್ತಿನ ಮೇಲೆ ಮೇಸ್ತ್ರಿಯ ದನಿ ಎದ್ದಿತು.

“ಏ ಅರದಣ್ಣಾ! ಒಂದು ಹಲ್ಲಿಗೆ ಮೂರು ಸಲ ಉಜ್ಜಿ ನಿಲ್ಲಿಸೋನು ನೀನು. ಇವತ್ತೇನು ಒಂದೇ ಸಮ ಕೆರೀತಿದೀಯ? ಯಾರನ್ನ ಬಚ್ಚಿಟ್ಟಿದೀಯ? ತೆಗಿ!”

ಅರ ನಿಂತಿತು. ಮರುಕ್ಷಣವೇ ಬಾಗಿಲಿಗೆ ಹಾರೆ ಬಿತ್ತು. ಮೂರನೆಯ ಏಟಿಗೆ ಹಲಗೆ ಸೀಳಿ ಚಿಲಕ ಕಿತ್ತುಬಂತು. ಅರದಣ್ಣ ಮೇಜಿಗೆ ಬೆನ್ನು ಕೊಟ್ಟು ನಿಂತ.

“ಒಳಗಿದಾನೆ ಮೇಸ್ತ್ರಿ. ಪೊಲೀಸರ ಕೈಗೆ ಕೊಡ್ತೀನಿ. ನಿಮ್ಮ ಕೈಗೆ ಕೊಡಲ್ಲ.”

“ನನ್ನ ಮಗನ ತೋಳು ಜೋತಾಡ್ತಿದೆಯಲ್ಲೋ ಪಾಪಿ!”

ಹಾರೆ ಅರದಣ್ಣನ ಬಲ ಮೊಣಕೈಗೆ ಬಿತ್ತು. ಮೂಳೆ ಮುರಿದ ಸದ್ದು ಅವನಿಗೇ ಕೇಳಿಸಿತು. ಇನ್ನೊಂದು ಏಟು ಪಕ್ಕೆಗೆ. ಯಾರೋ ಎಸೆದ ಮರದ ತುಂಡು ಹಣೆ ಒಡೆದು, ಇಳಿದ ರಕ್ತ ಕಣ್ಣು ಮುಚ್ಚಿಸಿತು.

“ಅವನನ್ನ ಬಿಡ್ರೋ! ನನ್ನ ಕೊಲ್ಲಿ!” ಎನ್ನುತ್ತ ತಮ್ಮ ತೆವಳಿ ಹೊರಬಂದ.

ಮೇಸ್ತ್ರಿ ಹಾರೆ ಎತ್ತಿದ. ಅರದಣ್ಣ ಕಣ್ಣು ಕಾಣದೆ, ದನಿ ಬಂದ ಕಡೆಗೆ ಕುಸಿದು ತಮ್ಮನ ಮೇಲೆಯೇ ಕವುಚಿ ಬಿದ್ದ. ಉಳಿದ ಏಟುಗಳೆಲ್ಲ ಅವನ ಬೆನ್ನಿಗೇ ಬಿದ್ದವು.

ಜೀಪು ಬಂದಾಗ ಇಬ್ಬರು ಪೇದೆಗಳು ಸೇರಿ ಅವನನ್ನು ಮೇಲೆತ್ತಿದರು. ಕೆಳಗಿದ್ದವನು ಬಿಕ್ಕುತ್ತಿದ್ದ. ತಮ್ಮನಿಗೆ ಕೋಳ ತೊಡಿಸಲು, ಅವನ ಅಂಗಿಯನ್ನು ಹಿಡಿದಿದ್ದ ಅಣ್ಣನ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.