ಪೂಜೆಗೆ ಕೂತ ಮಾಸ್ಕ್

"ಕೈ ತಗಿ ಬಾಡ್ಯಾ. ಮಾಸ್ಕಿಗೆ ಪೂಜಾ ಆಗೇದ, ಕಾಣಂಗಿಲ್ಲೇನು?"

ಹೊಸ್ತಿಲಾಚೆಗೆ ಚಾಚಿದ್ದ ಕೈ ಹಿಂದೆ ತೆಗೆದೆ. ಚಕ್ರಪಾಣಿ ಸರ್ ಮಡಿ ಉಟ್ಟು ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಒಳಗೆ ಮೇಜಿನ ಮೇಲೆ ದೇವಿಯ ಫೋಟೊ, ಮುಂದೆ ಡ್ರಿಲ್ಲು, ಪಾನಾಗಳು, ನಡುವೆ ನನ್ನ ಮಾಸ್ಕ್. ಅದರ ಗಾಜಿಗೆ ಕುಂಕುಮ, ಗಾಳಿಯ ಪೈಪಿಗೆ ವೆರಿಬೀ ಪೇಟೆಯಿಂದ ತಂದ ಚೆಂಡುಹೂವಿನ ಮಾಲೆ. ಮಹಾನವಮಿ. ಪೂಜೆಗೆ ಕೂತ ಆಯುಧವನ್ನು ದಶಮಿಯವರೆಗೆ ಮುಟ್ಟುವಂತಿಲ್ಲ.

"ಹಂಗಾರ ಇವತ್ತ ಸೂಟಿ ಏನ್ರಿ ಸರ?"

"ಮೂರಕ್ಕ ಗೋರಾ ಗಿರಾಕಿ ಬರ್ತಾನ ಗಾಡಿ ಒಯ್ಲಿಕ್ಕೆ. ಅವಂಗ ನವಮಿ ಹೇಳ್ತೀಯೇನು ನೀ? ಸ್ಪ್ರೇ ಗನ್ ಪೂಜಾಕ್ಕ ಇಟ್ಟಿಲ್ಲ. ಮೂಗಿಗೆ ಟಾವೆಲ್ ಕಟ್ಗೊಂಡು ಹೊಡಿ."

ಈ ಪರದೇಶದಲ್ಲಿ, ಟ್ರುಗನಿನಾದ ಈ ಶೆಡ್ಡಿನಲ್ಲಿ, ನಾವು ಯೂಟ್ ಎನ್ನುವ ಸಣ್ಣ ಸರಕು ಗಾಡಿಗಳ ಹಿಂದಿನ ತೊಟ್ಟಿಗೆ ಕಪ್ಪು ಲೇಪ ಹೊಡೆಯುತ್ತೇವೆ. ಎರಡು ಡ್ರಮ್ಮಿನ ದ್ರವಗಳು ಕಾದು ಬಂದು ಗನ್ನಿನ ಬಾಯಲ್ಲಿ ಸೇರಿ, ಬಿದ್ದಲ್ಲೇ ಗಟ್ಟಿಯಾಗುತ್ತವೆ. ಅದರ ಮಂಜು ಶೆಡ್ ತುಂಬ ನಿಲ್ಲುತ್ತದೆ. ಹೊರಗಿನ ಗಾಳಿ ಬರುವ ಮಾಸ್ಕ್ ಇಲ್ಲದೆ ಹೊಡೆಯಕೂಡದೆಂದು ಡ್ರಮ್ಮಿನ ಮೇಲೆಯೇ ಬರೆದಿದೆ.

ಚಳಿಗಾಲ ಪೂರ್ತಿ ಕಾಗದದ ಮಾಸ್ಕಿನಲ್ಲಿ ಹೊಡೆದೆ. ಎದೆಯಲ್ಲಿ ಸೀಟಿ ಕೂತಿತು. ನಿನ್ನ ಎದೆಗೆ ಈ ಮಂಜು ಒಗ್ಗದಾಗಿದೆ, ಇನ್ನು ಸ್ವಲ್ಪ ಒಳಗೆ ಹೋದರೂ ಮುಚ್ಚಿಕೊಳ್ಳಬಹುದು, ಕೆಲಸ ಬಿಡು ಎಂದರು ಡಾಕ್ಟರು. ಸರ್‌ಗೆ ಹೇಳಿದ್ದಕ್ಕೆ ಈ ಮಾಸ್ಕ್ ಬಂತು.

"ಡಾಕ್ಟರ್ ಹೇಳ್ಯಾರಲ್ರಿ ಸರ," ಎಂದೆ.

"ಇಲ್ಲೇ ಇರ್ಲಿಕ್ಕೆ ಪಿಆರ್ ಡಾಕ್ಟರ್ ಕೊಡ್ತಾನೇನಲೇ ವಿರುಪ್ಯಾ? ಸ್ಪಾನ್ಸರ್ ನಾ ಇದ್ದೀನಿ. ವೀಸಾದವರಿಗೆ ಒಂದು ಮೇಲ್ ಹಾಕಿದ್ರ ನೀ ವಿಮಾನದಾಗ ಇರ್ತಿ, ಸೂಳಿ ಮಗನ."

ಟವೆಲು ಕಟ್ಟಿಕೊಂಡೆ. ಗಾಡಿಯ ಅಂಚಿಗೆ ಟೇಪು ಹಚ್ಚುತ್ತಿದ್ದ ಲೆಸ್ಟರ್ ಎದ್ದು ಬಂದ. ಮಂಗಳೂರಿನವನು.

"ಬೇಡ ಮಾರಾಯ. ಟವೆಲಲ್ಲಿ ಸೊಳ್ಳೆ ಸಹ ನಿಲ್ಲುದಿಲ್ಲ."

"ನೀ ಹೊರಗ ಹೋಗೋ ಲೆಸ್ಟರ್."

ಹೊಡೆದೆ. ತೊಟ್ಟಿಯ ಒಂದು ಮಗ್ಗುಲು ಕಪ್ಪಾಯಿತು. ಅವ್ವ ಕಲಿಸಿದ ಭಜನೆಯ ಪದವನ್ನು ಮನಸ್ಸಿನಲ್ಲೇ ಹಿಡಿದೆ. ಮೊದಲು ಹಾಡುವಾಗ ಒಂದು ನುಡಿಯನ್ನು ಒಂದೇ ಉಸಿರಿಗೆ ಮುಗಿಸುತ್ತಿದ್ದೆ. ಈಗ ಕೊನೆಯಲ್ಲಿ ದೇವರ ಹೆಸರು ಬರುವ ಮುಂಚೆಯೇ ಉಸಿರು ತೀರುತ್ತದೆ. ಎದೆಗೆ ಯಾರೋ ಹಗ್ಗ ಬಿಗಿದಂತಾಯಿತು. ಗನ್ ಹಿಡಿದುಕೊಂಡೇ ಆಫೀಸಿನ ಹೊಸ್ತಿಲವರೆಗೆ ಬಂದೆ.

ಸರ್ ಹೆಂಡತಿ ಅಹಲ್ಯಾ ಆಂಟಿ ಪ್ರಸಾದದ ತಟ್ಟೆ ಹಿಡಿದು ಬಂದರು.

"ಅಲ್ಲೇ ನಿಲ್ಲಪಾ, ಒಳಗ ಬರಬ್ಯಾಡ. ಕೆಮಿಕಲ್ ವಾಸನಿ ಬರ್ತದ."

ಕೈ ಚಾಚಿದೆ. ಮೇಲಿನಿಂದ ಸಜ್ಜಿಗೆ ಬಿತ್ತು. ಊರಿನಲ್ಲಿ ಮೇಲಿನ ಕೇರಿಯವರು ನಮ್ಮವ್ವನನ್ನು ಹೊರಗೇ ನಿಲ್ಲಿಸಿ ಹೇಳುತ್ತಿದ್ದ ಕಾರಣ ಬೇರೆ. ಕೈಯ ಎತ್ತರ ಮಾತ್ರ ಅಷ್ಟೇ.

"ಯಾಕ ನಿಂತಿ? ಇನ್ನೊಂದು ಮಗ್ಗಲ ನಿಮ್ಮಪ್ಪ ಬಂದು ಹೊಡೀತಾನೇನು?" ಒಳಗಿನಿಂದ ಸರ್ ಕೇಳಿದರು.

ಸಜ್ಜಿಗೆ ತಿಂದೆ. ಹೊಸ್ತಿಲು ದಾಟಿದೆ. ಗನ್ನಿನ ಹಿಂದೆ ಉದ್ದನೆಯ ಪೈಪು ಹಾಸಿನ ಮೇಲೆ ಕಪ್ಪು ಗೆರೆ ಎಳೆಯುತ್ತ ಬಂತು.

"ಏ, ಎಲ್ಲಿ ಬಂದಿಲೇ!"

ಗನ್ ಅನ್ನು ಮೇಜಿನ ಮೇಲೆ ಮಾಸ್ಕಿನ ಪಕ್ಕ ಇಟ್ಟೆ. ಬಟ್ಟಲಿನ ಕುಂಕುಮ ತೆಗೆದು ಹಚ್ಚಿದೆ. ಮಾಲೆಯಿಂದ ಒಂದು ಹೂ ಕಿತ್ತು ಏರಿಸಿದೆ.

"ಸರ, ಇದಕ್ಕೂ ಪೂಜಾ ಆತ್ರಿ. ದಶಮಿತನಕ ಮುಟ್ಟಂಗಿಲ್ರಿ."

"ತೊಳಿಯಲೇ ಅದನ್ನ! ಒಳಗ ಕಲ್ಲ ಆಗ್ತದ!" ಸರ್ ಕೈ ಮುಂದೆ ಚಾಚಿದರು.

"ರೀ, ಮಡಿಯಾಗ ಇದ್ದೀರಿ," ಎಂದರು ಆಂಟಿ. "ಅವ ಮುಟ್ಯಾನ."

ಸರ್ ಕೈ ಅರ್ಧಕ್ಕೇ ನಿಂತಿತು. ಗನ್ನಿನ ಬಾಯಲ್ಲಿ ಒಂದು ಹನಿ ಹಿಗ್ಗಿ, ಹಾಗೇ ಗಟ್ಟಿಯಾಯಿತು.

ಹೊರಗೆ ಬಂದು ಬಕೆಟ್ ಬೋರಲು ಹಾಕಿ ಕೂತೆ. ಲೆಸ್ಟರ್ ಬೆನ್ನಿಗೆ ಕೈ ಇಟ್ಟ. ಶೆಡ್ಡಿನೊಳಗೆ ಗಾಡಿ ಒಂದು ಮಗ್ಗುಲು ಕಪ್ಪಾಗಿ, ಒಂದು ಮಗ್ಗುಲು ಬರಿದಾಗಿ ನಿಂತಿತ್ತು. ಆಫೀಸಿನಲ್ಲಿ ಸರ್ ಮೇಲ್ ಟೈಪು ಮಾಡುವ ಸದ್ದು. ಅವ್ವನ ಪದ ಮೊದಲಿನಿಂದ ಹಿಡಿದೆ, ಈ ಸಲ ಬಾಯಿಬಿಟ್ಟು. ಅದೇ ಜಾಗಕ್ಕೆ ಬಂದು ನಿಂತಿತು. ಆಮೇಲೆ ಎದೆಯ ಸೀಟಿ.