ಕುಂಕುಮವಿಟ್ಟ ಹಾಳೆ

ಖಂಡೇನವಮಿಯ ಆಯುಧಪೂಜೆ ಮುಗಿಸಿ ಭೀಮವ್ವ ಕೈ ತೊಳೆಯುವಷ್ಟರಲ್ಲಿ ಮಗ ಗೂಳಪ್ಪನ ಕೂಗು ಮನೆ ತುಂಬಿತು. "ಅವ್ವಾ, ಏನ್ ಮಾಡಿದಿ! ಐದುನೂರು ವರ್ಷದ ಹಾಳೀಗೆ ಕುಂಕುಮಾ ಹಚ್ಚೀಯಲ್ಲ!"

ವೆನಿಸ್ಸಿನಲ್ಲಿ ಅಚ್ಚಾದ ಹಾಳೆ ಅದು. ಪುಣೆಯ ಬಿಬವೇವಾಡಿಯಲ್ಲಿ ಬಟ್ಟೆ ಅಂಗಡಿ ಇಟ್ಟ ಗೂಳಪ್ಪ ಯುರೋಪಿನ ಹಳೆಯ ಪುಸ್ತಕಗಳ ಬಿಡಿಹಾಳೆಗಳನ್ನು ಕೂಡಿಸುತ್ತಿದ್ದ. ಮಗಳು ರೇಣು ಒಂದೊಂದಕ್ಕೂ ವಿವರ ಬರೆದಿಡುತ್ತಿದ್ದಳು. ಈ ವಾರ ಸದಾಶಿವ ಪೇಠದ ಹಳೆಯ ಪುಸ್ತಕಗಳ ಪ್ರದರ್ಶನಕ್ಕೆ ಹೋಗಬೇಕಾದದ್ದು ಇದೇ ಹಾಳೆ.

"ಪುಸ್ತಕಕ್ಕ ಬ್ಯಾಡಂದ್ರ ಪೂಜಾ ಯಾವುದಕ್ಕ ಮಾಡ್ಲೋ? ನಿನ್ನ ಸ್ಕೂಟರಿಗಷ್ಟೇನು?" ಎಂದಳು ಭೀಮವ್ವ.

"ಕೆಟ್ಟು ಹೋತು. ಇನ್ನ ಕಳಿಸೂದಿಲ್ಲ," ಎಂದ ಗೂಳಪ್ಪ.

ರೇಣು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಯಾರೋ ಓದುತ್ತ ಬೀಳಿಸಿದ ಮೇಣದ ಹನಿ, ಇನ್ಯಾರೋ ಶಾಯಿಯಲ್ಲಿ ಬರೆದ, ಸಾಲೊಂದನ್ನು ಬೆರಳಿಟ್ಟು ತೋರುವ ಪುಟ್ಟ ಕೈಯ ಚಿತ್ರ. ಅವುಗಳ ಕೆಳಗೆ ಈಗ ಕೆಂಪು ಬೊಟ್ಟು. ಅಜ್ಜಿಯ ಕತೆಯಲ್ಲಿ ಏಳು ಕಡಲು ದಾಟಿ ಬಂದ ಸೊಸೆಯನ್ನು ಹೊಸ್ತಿಲಲ್ಲೇ ಹಣೆಗೆ ಕುಂಕುಮವಿಟ್ಟು ಒಳಕರೆದಂತೆ ಅವಳಿಗೆ ಕಂಡಿತು.

"ಅಪ್ಪಾ, ಈ ಮೇಣಾ, ಈ ಕೈ ತೋರಿಸಿ ಬಂದವರ ಮುಂದೆಲ್ಲಾ ಜಂಬಾ ಕೊಚ್ಚತಿ. ಅವರ ಗುರುತಿಗೆ ಮಾನ ಅದ, ನಮ್ಮಜ್ಜಿ ಗುರುತಿಗಿಲ್ಲೇನು?"

ರೇಣು ವಿವರದಲ್ಲಿ ಸೇರಿಸಿದಳು: 'ಕೆಳ ಅಂಚಿನಲ್ಲಿ ಕುಂಕುಮ. ಪುಣೆಯಲ್ಲಿ ಖಂಡೇನವಮಿಯಂದು ಭೀಮವ್ವ ಪೂಜಿಸಿದ್ದು.' ಗೂಳಪ್ಪ ಅದನ್ನು ಓದಿದ, ಮತ್ತೆ ಓದಿದ, ಹಾಳೆಯನ್ನು ತಾನೇ ಚೌಕಟ್ಟಿಗೆ ಕೂಡಿಸಿದ.

ಪ್ರದರ್ಶನದಲ್ಲಿ ಜನ ಆ ಬೊಟ್ಟಿನೆದುರು ನಿಂತಾಗಲೆಲ್ಲ ಗೂಳಪ್ಪ ಎದೆಯುಬ್ಬಿಸಿ, ಯಾರೂ ಕೇಳದಿದ್ದರೂ ಮರಾಠಿಯಲ್ಲಿ ಹೇಳುತ್ತಿದ್ದ: "ಇದು ನಮ್ಮವ್ವ ಇಟ್ಟದ್ದು."