ಕಣ್ಣು ಬಿಡಿಸಿದ ದಿನ

ಬಲಗಣ್ಣು ಮುಗಿಸಿದ ಲತೇಶ್ ಉಳಿಯನ್ನು ಎಡಗಣ್ಣಿನ ರೆಪ್ಪೆಗೆ ಇಟ್ಟ. ಕೂದಲೆಳೆಯಷ್ಟು ಜಾರಿದರೂ ಮೋರೆ ಕೆಟ್ಟೀತು. ಮೂರ್ತಿಗೆ ಕಣ್ಣು ಬಿಡಿಸುವಾಗಿನ ಅಪ್ಪನ ಮಂತ್ರ ಬಾಯಲ್ಲಿತ್ತು. ಅಪ್ಪನ ಚಿನ್ನದ ಸೂಜಿ ಇರಲಿಲ್ಲ. ದೋಹಾದ ಹೊರಗೆ ಅಲ್ ವುಕೈರ್‌ನ ತಗಡಿನ ಶೆಡ್ಡು ಬೆಳಿಗ್ಗೆ ಒಂಬತ್ತಕ್ಕೇ ಕಾದ ಕಾವಲಿಯಾಗಿತ್ತು. ಎದುರಿಗೆ ಆಳೆತ್ತರದ ಕರಿಕಲ್ಲಿನ ಹೆಂಗಸು: ತಲೆಗೆ ಮಣಿಗಳ ಜಾಲರಿ, ಕೈಯಲ್ಲಿ ಹಸುವಿನ ಬಾಲದ ಚಾಮರ. ಜುಲು ಜನರ ವೈದ್ಯೆ. ಗತಿಸಿದ ಹಿರಿಯರನ್ನು ಕರೆದು ರೋಗಕ್ಕೆ ಮದ್ದು ಕೇಳುವವಳು. ದಕ್ಷಿಣ ಆಫ್ರಿಕಾದ ಡಾಕ್ಟರೊಬ್ಬರು ತಮ್ಮ ನಾಡಿನ ಅಂಥ ವೈದ್ಯರ ಗೌರವಕ್ಕೆಂದು ಮುಐದರ್‌ನ ಬಂಗಲೆಯ ಒಳಂಗಳಕ್ಕೆ ಮಾಡಿಸಿದ್ದು. ನಾಳೆ ಲಾರಿ ಬರುತ್ತದೆ.

ಪೀಠದಲ್ಲಿ ಲತೇಶನ ಹೆಸರು ಆಗಲೇ ಕೊರೆದಾಗಿತ್ತು. ಮೂರ್ತಿ ಕಡೆದವನು ತನಿಯ. ಅವನು ಸತ್ತು ಆರು ದಿನ.

ಫೋನು ಹೊಡೆದುಕೊಂಡಿತು. ನಜ್ಮಾದಲ್ಲಿ ತನಿಯನ ಜೊತೆ ರೂಮು ಹಂಚಿಕೊಂಡಿದ್ದ ಜಲೀಲ್.

"ಎಂತ ಮಾರಾಯ, ಎಲ್ಲಿದ್ದೀ? ಹನ್ನೊಂದಕ್ಕೆ ಪೆಟ್ಟಿಗೆಗೆ ಮೊಳೆ ಹೊಡೀತಾರೆ. ಯಲ್ಲಾ, ಬಾ."

"ಬಂದೆ. ಅವನದ್ದೇ ಕೆಲಸ ಮುಗಿಸ್ತಾ ಇದ್ದೇನೆ."

ಹೇಳಿದ ಮಾತನ್ನು ಲತೇಶ್ ತಾನೂ ನಂಬಿದ.

*

ಕಾರ್ಕಳದಲ್ಲಿ ಲತೇಶನ ಅಪ್ಪನ ಶಿಲ್ಪದ ಚಪ್ಪರ. ಬಂಡೆಯನ್ನು ಆಕಾರಕ್ಕೆ ತರುವವನು ತನಿಯ. ಕಣ್ಣು ಬಿಡಿಸದ ಮೂರ್ತಿ ಬರೀ ಕಲ್ಲು ಅನ್ನುತ್ತಿದ್ದರು ಅಪ್ಪ. ಬಿಡಿಸುವ ದಿನ ಮಾತ್ರ ತನಿಯನಿಗೆ, "ನೀನು ಆಚೆ ಹೋಗು." ತನಿಯ ಬೇಲಿಯಾಚೆ ಬೆನ್ನು ಹಾಕಿ ಕೂರುತ್ತಿದ್ದ. ಎಂಟು ವರ್ಷದ ಲತೇಶ್ ಕಾಮಾಲೆಯಾಗಿ ಹಳದಿ ತಿರುಗಿದ್ದಾಗ, ತನಿಯನ ತಾಯಿ ಪೂವಕ್ಕ ಅದೇ ಬೇಲಿಯಾಚೆ ಕೂತು, ಕಣ್ಣು ಮುಚ್ಚಿ ದೈವಗಳ ಕತೆಯ ಪಾಡ್ದನ ಹೇಳುತ್ತಾ ಮದ್ದು ಅರೆದಿದ್ದಳು. ಬೇಲಿಯ ಮೇಲಿಂದಲೇ ಕೊಟ್ಟು ಹೋಗಿದ್ದಳು.

"ದೋಹಾದಲ್ಲಿ ಬೇಲಿ ಇಲ್ಲ, ಬಾ" ಎಂದು ತನಿಯನನ್ನು ಕರೆಸಿಕೊಂಡವನು ಲತೇಶನೇ.

ಕಳೆದ ತಿಂಗಳು ತನಿಯ ಉಳಿ ಕೆಳಗಿಟ್ಟು, ಕೆಮ್ಮಿ, "ಆಯ್ತು ಧನಿ" ಅಂದ.

"ಎಂತ ಆಯ್ತು? ಕಣ್ಣು?"

"ಕಣ್ಣು ಹಾಗೇ ಇರ್ಲಿ ಧನಿ."

"ಅದು ನಾನು ನೋಡಿಕೊಳ್ತೇನೆ. ನೀನು ಮುಟ್ಬೇಡ."

ತನಿಯ ಕಲ್ಲಿನ ಮೋರೆಯನ್ನೊಮ್ಮೆ ನೋಡಿದ. ಆಮೇಲೆ ಅತ್ತ ತಿರುಗಿದ. ಬೆನ್ನು ಹಾಕಿ ಕೂರುವುದು ಅವನಿಗೆ ಅಭ್ಯಾಸವಾಗಿತ್ತು.

*

ಶವಾಗಾರದ ಹೊರಗೆ ಮೊಳದಷ್ಟು ನೆರಳಿನಲ್ಲಿ ಏಳೆಂಟು ಜನ ಗೋಡೆಗೆ ಒತ್ತಿ ನಿಂತಿದ್ದರು.

"ಆರು ವರ್ಷದಿಂದ ಲೀವು ಕೇಳ್ತಿದ್ದ," ಅಂದ ಜಲೀಲ್. "ಈಗ ಸಿಕ್ಕಿತು."

"ಅದೂ ಮಲಗಿಕೊಂಡು ಹೋಗುವ ಸೀಟು," ಅಂದ ಡ್ರೈವರ್ ಅಕ್ಷಯ್.

"ಸರ್ಟಿಫಿಕೇಟಿನಲ್ಲಿ ಹಾರ್ಟ್ ಅಂತ ಬರೆದಿದ್ದಾರಂತೆ. ಕಲ್ಲಿನ ಹುಡಿ ಉಗುಳ್ತಿದ್ದದ್ದು ನಾನು ನೋಡಿದ್ದೇನಲ್ಲ." ಜಲೀಲ್ ಲತೇಶನ ಕಡೆ ತಿರುಗಲಿಲ್ಲ.

ಒಳಗೆ ಜೂಲಿಯೆಟ್ ಆಗಲೇ ಪೆಟ್ಟಿಗೆಯ ಬಳಿ ಇದ್ದಳು. ಮೂರ್ತಿ ಮಾಡಿಸಿದ ಡಾಕ್ಟರ ಬಳಿಯ ಜುಲು ನರ್ಸ್. ಶುಕ್ರವಾರಗಳಂದು ಶೆಡ್ಡಿಗೆ ಬಂದು ಮಣಿ ಕಟ್ಟುವ ಕ್ರಮವನ್ನು ತನಿಯನಿಗೆ ತೋರಿಸುತ್ತಿದ್ದವಳು. ಬಿಳಿ ಮಣಿಯ ಸರವೊಂದನ್ನು ಅವನ ತಲೆಯ ಪಕ್ಕದಲ್ಲಿಟ್ಟು ಲತೇಶನಿಗೆ ಇಂಗ್ಲಿಷಿನಲ್ಲಿ ಹೇಳಿದಳು:

"ನನ್ನಜ್ಜಿಯೂ ವೈದ್ಯೆ. ಹಿರಿಯರನ್ನು ಕರೆಯುವಾಗ ಕಣ್ಣು ಮುಚ್ಚುತ್ತಿದ್ದಳು ಅಂತ ತನಿಯನಿಗೆ ಹೇಳಿದ್ದೆ. 'ನನ್ನ ತಾಯಿಯೂ ಹಾಗೇ' ಅಂದ. ಆ ಎರಡು ರೆಪ್ಪೆಗೇ ಹನ್ನೊಂದು ದಿನ ತೆಗೆದುಕೊಂಡ, ಗೊತ್ತಾ? ಮುಚ್ಚಿದ್ದರೂ ಒಳಗಿನಿಂದ ನೋಡುತ್ತಿರುವ ಹಾಗೆ. ಸಂಜೆ ಬಂದು ಒಮ್ಮೆ ನೋಡಲಾ?"

ಲತೇಶ್ ಎರಡೂ ಕೈಗಳನ್ನು ಬೆನ್ನ ಹಿಂದೆ ತಂದ.

"ಬಾ," ಅಂದ ಜಲೀಲ್. "ಅವನ ಊರವನು ನೀನೊಬ್ಬನೇ. ಮುಟ್ಟಿ ಕಳಿಸು."

ಲತೇಶ್ ಬಗ್ಗಿ, ತನಿಯನ ಎದೆಯ ಬಿಳಿಬಟ್ಟೆಯ ಮೇಲೆ ಕೈ ಇಟ್ಟ. ತೆಗೆದಾಗ ಅಲ್ಲಿ ಐದು ಬೆರಳಿನ ಬೂದು ಗುರುತು ಉಳಿಯಿತು. ಒರೆಸಿದ, ಅದು ಇನ್ನಷ್ಟು ಹರಡಿತು.

ಜೂಲಿಯೆಟ್ ಆ ಹುಡಿಯನ್ನು ನೋಡಿದಳು. ಆಮೇಲೆ ಅವನ ಕೈಯನ್ನು.

ಸುತ್ತಿಗೆ ಹಿಡಿದು ನಿಂತಿದ್ದವನು ಎಲ್ಲರ ಮೋರೆ ನೋಡಿ, "ಖಲಾಸ್?" ಅಂದ.